ಬೆಳ್ಳಿ ಹೂವಿನ ಕ್ಯಾಸೆಟ್

9 ಮಾರ್ಚ್ 2016, ಬುಧವಾರ. ಭಾಲ್ಕಿ. ಬೆಳಿಗ್ಗೆ 11

ಇವತ್ತು ಎಂಟು ಕ್ಯಾಸೆಟ್ ಒರೆಸಿದೆ. ಮೊದಲು ಪೆನ್ಸಿಲ್ ರಬ್ಬರ್, ಆಮೇಲೆ ಸ್ಪಿರಿಟ್ ಹಚ್ಚಿದ ಹತ್ತಿ. ತಾಮ್ರದ ಹಲ್ಲುಗಳು ಹೊಳೆಯುವವರೆಗೆ. ಒಂದರೊಳಗೆ ಸತ್ತ ಜಿರಳೆ! ಕಿರುಚಿದೆ. ಅತ್ತೆ ಅಡುಗೆಮನೆಯಿಂದ, "ಏನಾತವಾ, ಟ್ಯಾಂಕರ್ ಬಂತೇನು?" ಅಂದರು. ಈ ಓಣಿಯಲ್ಲಿ ಕಿರುಚುವುದು ಟ್ಯಾಂಕರ್ ಬಂದಾಗ ಮಾತ್ರ.

ಮದುವೆಯಾಗಿ 31 ದಿನ. ಅಮ್ಮ ಬೀದರದಿಂದ ಫೋನ್ ಮಾಡಿದ್ದಳು. "ಅಳಿಯಾರು ಅಂಗಡಿ ಮುಚ್ಚಿ ಬಂದು ಮನ್ಯಾಗ ಏನ್ ಮಾಡ್ತಾರ?" ಹೇಳಿದೆ — ಹಳೆ ಟಿವಿ ಗೇಮ್ ಕ್ಯಾಸೆಟ್ ಕೂಡಿಸುತ್ತಾರೆ. ತಾವೇ ಮಾಡಿದ ರೀಡರಿಗೆ ಸಿಕ್ಕಿಸಿ ಒಳಗಿನ ಆಟವನ್ನು ಕಂಪ್ಯೂಟರಿಗೆ ಇಳಿಸುತ್ತಾರೆ. ಆಮೇಲೆ ಕ್ಯಾಸೆಟ್ ಸತ್ತರೂ ಆಟ ಸಾಯುವುದಿಲ್ಲ. ಎಮ್ಯುಲೇಟರ್ ಅಂತ ಒಂದು ಪ್ರೋಗ್ರಾಂ, ಅದು ಕಂಪ್ಯೂಟರಿಗೇ ನೀನು ಹಳೆ ಗೇಮ್ ಡಬ್ಬಿ ಅಂತ ನಂಬಿಸುತ್ತದೆ. ಅಮ್ಮ ಕೇಳಿದ್ದು ಒಂದೇ.

"ಕುಡಿಯಂಗಿಲ್ಲಲ್ಲ?"

"ಇಲ್ಲಮ್ಮ."

"ಹಂಗಾದ್ರ ಆಡ್ಲಿ ಬಿಡು."

ಜನರೆದುರು "ಇವರು". ಈ ಡೈರಿಯಲ್ಲಿ ಮಾತ್ರ ನನ್ನ ಗಂಡ ಪಂಢರಿ. ಪಂಢರಿ ಪಂಢರಿ ಪಂಢರಿ!! ನಾನು ಚಂದ್ರಭಾಗಾ. ಕಾನ್ವೆಂಟಿನಲ್ಲಿ ಈ ಅಜ್ಜಿ ಹೆಸರಿಗಾಗಿ ಎಷ್ಟು ಅತ್ತಿದ್ದೆ! ಈಗ ನೋಡಿದರೆ ಪಂಢರಪುರದ ಹೊಳೆಯ ಹೆಸರೇ ನನ್ನದು. ಮಂಟಪದಲ್ಲಿ ಎಲ್ಲರದೂ ಒಂದೇ ಜೋಕು — ಪಂಢರಿ ಇದ್ದಲ್ಲಿ ಚಂದ್ರಭಾಗಾ ಹರೀಬೇಕಲ್ಲ! ಅತ್ತೆ ಮಾತ್ರ ನಗಲಿಲ್ಲ. "ಹರೀಲಿ. ನಳ ಅಂತೂ ಬತ್ಯಾವ" ಅಂದರು.

ಮೊದಲು ಡೈರಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಮದುವೆಯಾದ ಮೇಲೆ ಆಗುತ್ತಿಲ್ಲ. ಪಂಢರಿ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಗ್ರೀಟಿಂಗ್ ಕಾರ್ಡ್ ಓದಿದ ಹಾಗೆ.

ಅವನ ಮೊಬೈಲ್ ರಿಪೇರಿ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ. ಹಳ್ಳಿಯಿಂದ ಕೆಲಸ ಹುಡುಕಿ ಹೈದರಾಬಾದಿಗೋ ಪುಣೆಗೋ ಹೊರಟವರು ಬಸ್ ಹತ್ತುವ ಮುಂಚೆ ಅಲ್ಲಿ ಟಿವಿ ಕೊಟ್ಟು ಹೋಗುತ್ತಾರೆ. ಜೊತೆಗೆ ಒಂದು ಚೀಲದಲ್ಲಿ ಹಳೆ ಕ್ಯಾಸೆಟ್. ನಿನ್ನೆ ಹದಿನಾಲ್ಕು ಬಂದವು. "ಇಷ್ಟೊಂದಾ!" ಅಂತ ಕುಣಿದೆ. ಪಂಢರಿ ಕುಣಿಯಲಿಲ್ಲ. "ಮಳಿ ಆಗಿದ್ರ ಒಂದೂ ಬರ್ತಿರಲಿಲ್ಲ ಚಂದಾ."

13 ಮಾರ್ಚ್, ಭಾನುವಾರ. ಬೀದರ

ತವರಿಗೆ ಬಂದಿದ್ದೇವೆ. ಮಧ್ಯಾಹ್ನ ಚೌಬಾರಾ ಹತ್ತಿರ ಮುನೀರೋದ್ದೀನ ಸಾಹೇಬರ ಮನೆಗೆ ಹೋದೆವು. ಪಂಢರಿ ಮದುವೆಗೆ ಮೊದಲೇ ಹೇಳಿದ್ದ, ಮಾವನಿಗಿಂತ ಮೊದಲು ಇವರ ಕಾಲು ಮುಟ್ಟಬೇಕು ಅಂತ!

ಟಿವಿ ಮೆಕ್ಯಾನಿಕ್. ಹದಿನೆಂಟು ವರ್ಷದ ಹಿಂದೆ ಹೈದರಾಬಾದಿನಿಂದ ಒಂದು ಮಷೀನ್ ತಂದು, ಮಾರ್ಕೆಟ್ಟಿನ ಆಟಗಳ ಚಿಪ್ ಬಿಚ್ಚಿ, ಒಳಗಿನ ಚಿತ್ರ ಬದಲಿಸಿ ಮತ್ತೆ ಬೆಸೆದು ಮಾರುತ್ತಿದ್ದರು. ಒಂದರಲ್ಲಿ ಕೋಟೆ ಬಾಗಿಲು ಬೀದರದ್ದು. ಒಂದರಲ್ಲಿ ಕಾರಿನ ಬದಲು ಟಾಂಗಾ. ಒಟ್ಟು ಹನ್ನೆರಡು ಮಾಡಿದ್ದರಂತೆ. ತಮ್ಮ ಹತ್ತಿರ ಒಂದೂ ಇಟ್ಟುಕೊಂಡಿಲ್ಲ. ಪಂಢರಿ ಆರು ವರ್ಷ ಹುಡುಕಿ ಹನ್ನೆರಡನ್ನೂ ಇಳಿಸಿದ್ದಾನೆ. ಹನ್ನೊಂದು ಕ್ಯಾಸೆಟ್ ನಮ್ಮ ಮನೆಯ ತಗಡಿನ ಡಬ್ಬಿಯಲ್ಲೇ ಇವೆ. ಹನ್ನೆರಡನೆಯದು ಔರಾದ ತಾಲೂಕಿನ ಡಾಬಕಾದ ಕಾಶೀರಾಮ ಅನ್ನುವವರದು. ಜನವರಿಯಲ್ಲಿ ಒಂದು ದಿನಕ್ಕೆ ಕೊಟ್ಟಿದ್ದರು. ಇಳಿಸಿಕೊಂಡು ವಾಪಸ್ ಮುಟ್ಟಿಸಿದ್ದಾನೆ.

ಅದೇ ಎಲ್ಲಕ್ಕಿಂತ ಚಂದ. ಮದುವೆಯಾದ ವಾರ ನನಗೆ ತೋರಿಸಿದ್ದ. ಟ್ಯಾಂಕ್ ಓಡಿಸುವ ಆಟ. ಆದರೆ ಇಟ್ಟಿಗೆ ಗೋಡೆಯೇ ಇಲ್ಲ — ಕಪ್ಪು ಪರದೆ, ಉದ್ದಕ್ಕೂ ಬೆಳ್ಳಿ ಹೂ. ಥೇಟ್ ಬಿದ್ರಿ ಹೂಜಿಯ ಮೇಲಿನ ಹೂ! ಮೈ ಜುಂ ಅಂದಿತ್ತು.

ಆ ಹೂ ಬರೆದವರು ಸಾಹೇಬರ ಹೆಂಡತಿ ಮರಿಯಮಬೀ. ಬಿದ್ರಿ ಕೆಲಸದವರ ಮಗಳು. ಗ್ರಾಫ್ ಹಾಳೆಯ ಮೇಲೆ ಚೌಕ ಎಣಿಸಿ ಬರೆದುಕೊಟ್ಟಿದ್ದರಂತೆ. ಆದರೆ ಕ್ಯಾಸೆಟ್ ತಯಾರಾದ ದಿನವೇ ಗಿರಾಕಿ ಒಯ್ದುಬಿಟ್ಟ. ಅವರು ಒಮ್ಮೆಯೂ ನೋಡಿಲ್ಲ.

"ಹದಿನೆಂಟು ವರ್ಷ ಆತು ಬೇಟಿ. ನಿನ್ನ ಹೂ ಟಿವಿಯಾಗ ಹಾಕೀನಿ ಅಂತಾನ. ಝೂಟಾ! ನನ್ನ ಹಾಳಿ ಕಳಕೊಂಡು ಕಥಿ ಕಟ್ಯಾನ."

"ಖುದಾ ಕಸಮ್ ಹಾಕೀನಿ!" ಸಾಹೇಬರು.

"ಕಸಮ್ ಮಾಡಿ ಮಾಡಿನೇ ಹಲ್ಲು ಬಿದ್ದಾವ ನಿನ್ನವು."

ಪಂಢರಿ ನಗುತ್ತಾ ಹೇಳಿದ, "ಚಾಚಿ, ನನ್ನ ಹತ್ರ ಅದರಿ ಅದು. ಲ್ಯಾಪ್‌ಟಾಪ್ ತರ್ತೇನಿ, ತೋರಿಸ್ತೇನಿ."

"ಕಂಪ್ಯೂಟರಿನ್ಯಾಗ ಬ್ಯಾಡ. ಅದರಾಗ ಏನ್ ಬೇಕಾದ್ರ ಬರ್ತದ. ನನ್ನ ಟಿವಿಯಾಗ ತೋರ್ಸು."

ಸರಿ, ಟಿವಿಗೆ ಜೋಡಿಸುವ ಒಂದು ಸಣ್ಣ ಡಬ್ಬಿ ಮಾಡಿ ತರುತ್ತೇನೆ ಅಂತ ಮಾತು ಕೊಟ್ಟ. ಸಾಹೇಬರು ಅವನ ಕೈ ಹಿಡಿದುಕೊಂಡೇ ಕೂತಿದ್ದರು. ಅವರ ಕೈ ಈಗ ನಡುಗುತ್ತದೆ. ಬೆಸುಗೆ ಹಾಕಲಾರರು.

19 ಮಾರ್ಚ್, ಶನಿವಾರ. ಭಾಲ್ಕಿ

ಮದುವೆ ವಿಡಿಯೋ ಬಂತು!!! 48 ಜಿಬಿ! ನನ್ನ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಪಂಢರಿಯ ದೊಡ್ಡ ಡಿಸ್ಕ್ ತೆಗೆದೆ. ಅಯ್ಯೋ, ಎಂಥ ಗಲೀಜು! ಸಾವಿರಾರು ಫೈಲು. ಹಳೆ ಸಿನಿಮಾ, ಅಂಗಡಿಯ ಡ್ರೈವರು, ಎಲ್ಲದರ ನಡುವೆ ಆಟಗಳು. ಅರ್ಧಕ್ಕರ್ಧ ಎರಡೆರಡು. ಹೆಸರು ಒಂದೇ, ಸೈಜ್ ಒಂದೇ, ಕೊನೆಗೆ (2) ಅಂತ. ನನ್ನ ಫೋನಿನಲ್ಲಿ ಒಂದೇ ಸೆಲ್ಫಿ ಎರಡು ಸಲ ಸೇವ್ ಆದರೆ ಬರುತ್ತದಲ್ಲ, ಹಾಗೆ.

ಕೂತು ಕ್ಲೀನ್ ಮಾಡಿದೆ. ಸಿನಿಮಾ, ಡ್ರೈವರು ಬೇರೆ ಕಡೆ ಸರಿಸಿದೆ. (2) ಇದ್ದ 412 ಫೈಲು ಆರಿಸಿ ಡಿಲೀಟ್. ರಿಸೈಕಲ್ ಬಿನ್ನೂ ಖಾಲಿ. ಆಮೇಲೆ ವಿಡಿಯೋ ಕಾಪಿ. ಎರಡು ತಾಸು ಹಿಡಿಯಿತು. ಸಿಸ್ಟರ್ ಮಾರ್ಗರೆಟ್ ನೋಡಿದ್ದರೆ ನೀಟ್‌ನೆಸ್ ಪ್ರೈಜ್ ಕೊಡುತ್ತಿದ್ದರು. ಪಂಢರಿಗೆ ಸರ್‌ಪ್ರೈಜ್!

20 ಮಾರ್ಚ್. ಮಧ್ಯಾಹ್ನ 3

ಊಟಕ್ಕೆ ಕೂತಾಗ ಕೇಳಿದೆ, ಸುಮ್ಮನೆ, ನಾಟಕದ ಹಾಗೆ. "ರೀ, ನಿಮ್ಮ ಫೈಲಿಗೆ ಯಾಕ ಬ್ರ್ಯಾಕೆಟ್ ಎರಡು?"

ರೊಟ್ಟಿ ಮುರಿಯುತ್ತಾ ಹೇಳಿದ. "ಅವೇ ಬದಲಿ ಮಾಡಿದ್ವು. ಮೂಲ ಆಟ ಒಂದು, ಯಾರೋ ಕೈ ಹಾಕಿದ್ದು ಎರಡು. ಸಾಹೇಬರವು ಎಲ್ಲಾ ಎರಡೇ."

ಇನ್ನೊಂದು ರೊಟ್ಟಿ ಹಾಕು ಅಂದ. ಹಾಕಿದೆ.

21 ಮಾರ್ಚ್, ಸೋಮವಾರ

ಅವನು ಅಂಗಡಿಗೆ ಹೋದ ಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದೆ. ಮುನ್ನೂರಕ್ಕೂ ಹೆಚ್ಚು ಸರಿಯಾಗಿ ವಾಪಸ್ ಬಂದವು. ಉಳಿದವುಗಳ ಮೇಲೆ ನನ್ನ ಮದುವೆ ಕೂತಿದೆ. ಅಕ್ಷರಶಃ. 48 ಜಿಬಿ ವಿಡಿಯೋ ಅದೇ ಜಾಗದಲ್ಲಿ.

ಸಾಹೇಬರ ಹನ್ನೆರಡೂ ಕೆಟ್ಟಿವೆ. ಹನ್ನೊಂದಕ್ಕೆ ಚಿಂತೆಯಿಲ್ಲ, ಕ್ಯಾಸೆಟ್ ಡಬ್ಬಿಯಲ್ಲಿದೆ, ಮತ್ತೆ ಇಳಿಸಬಹುದು. ಡಾಬಕಾದ್ದು... ತೆರೆದರೆ ಬೂದಿ ಬಣ್ಣದ ಪರದೆ. ಅಷ್ಟೇ. ಬೇರೆ ಕಾಪಿ ಇಲ್ಲ.

ಆ ಫೈಲಿನ ಸೈಜ್ 40 ಕೆಬಿ. ನನ್ನ ಮೆಹಂದಿಯ ಒಂದು ಫೋಟೋ ಅದರ ನೂರು ಪಟ್ಟು ಇದೆ.

ಹೇಳಬೇಕು. ನಾಳೆ.

2 ಏಪ್ರಿಲ್

ಹೇಳಿಲ್ಲ.

ಪಂಢರಿಯ ಪುಸ್ತಕದಲ್ಲಿ ಕಾಶೀರಾಮರ ನಂಬರ್ ಸಿಕ್ಕಿತು. ದಿನಾ ಹಚ್ಚುತ್ತೇನೆ. ಸ್ವಿಚ್ ಆಫ್. ಟಿವಿಗೆ ಜೋಡಿಸುವ ಡಬ್ಬಿಗೆ ಬೇಕಾದ ಒಂದು ಪಾರ್ಟ್ ಇನ್ನೂ ಕೊರಿಯರಿನಲ್ಲಿ ಬಂದಿಲ್ಲ. ಅದು ತಡವಾಗಲಿ ಅಂತ ದೇವರಿಗೆ ಕೈ ಮುಗಿಯುತ್ತೇನೆ. ಎಂಥ ಹೆಂಡತಿ ನಾನು.

8 ಏಪ್ರಿಲ್, ಯುಗಾದಿ

ಬೇವು ಬೆಲ್ಲ ಕೊಡುವಾಗ ಅತ್ತೆ ನನ್ನ ಮುಖ ನೋಡಿದರು. "ಬೇವು ತಿನ್ನೋಕಿಂತ ಮೊದ್ಲೇ ಮುಖ ಕಹಿ ಮಾಡ್ಕೊಂಡಿ?" ಪಂಢರಿ ನಕ್ಕ. ನಾನೂ ನಕ್ಕೆ. ಜಾಸ್ತಿ ನಕ್ಕೆ ಅನಿಸುತ್ತದೆ.

16 ಏಪ್ರಿಲ್, ಶನಿವಾರ

ಪಾರ್ಟ್ ಬಂತು. ಪಂಢರಿ ಮಗುವಿನ ಹಾಗೆ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದಾನೆ. ತಡೆಯಲಾಗಲಿಲ್ಲ. ನೀರು ಸೋಸುವಾಗ ಅತ್ತೆಗೆ ಹೇಳಿಬಿಟ್ಟೆ. ಎಲ್ಲ. ಅತ್ತು ಅತ್ತು.

ನನ್ನ ಅತ್ತೆ ಶೇವಂತಾಬಾಯಿ ಮೂವತ್ತು ವರ್ಷದ ಅಂಗನವಾಡಿ ಟೀಚರು. ಪೂರ್ತಿ ಕೇಳಿದರು. ಬಟ್ಟೆ ಹಿಂಡಿ ಕೊಡದ ಬಾಯಿಗೆ ಕಟ್ಟಿದರು.

"ನನಗ ಯಾಕ ಹೇಳ್ತಿ? ನಾ ಏನ್ ಆಟ ಆಡ್ತೇನಿ?"

"ಅವರಿಗೆ ಹೇಳೋಕೆ ಭಯ ಆಗ್ತದರಿ."

"ಭಯ ಇರೋದು ಚಲೋ. ನಾಳಿ ನನ್ನ ಜೋಡಿ ಔರಾದಕ್ಕ ನಡಿ. ನನ್ನ ಅಕ್ಕನ ಮನಿಗಿ ಹೊಂಟೀನಿ ಅಂತ ಹೇಳ್ತೇನಿ, ಸುಳ್ಳಲ್ಲ, ಅಲ್ಲೂ ಚಾ ಕುಡಿಯೋಣು. ಡಾಬಕಾ ನೋಡ್ಕೊಂಡು ಬರೋಣು. ಬಂದ ಮ್ಯಾಲ ನಿನ್ನ ಬಾಯಿಲೇ ಅವಗ ಹೇಳ್ಬೇಕು. ಡಬ್ಬಿ ತಯಾರಾಗೋದ್ರೊಳಗ."

17 ಏಪ್ರಿಲ್, ಭಾನುವಾರ. ರಾತ್ರಿ ಊಟದ ಮುಂಚೆ

ಔರಾದಿಗೆ ಬಸ್. ಅಲ್ಲಿಂದ ಡಾಬಕಾಕ್ಕೆ ಟಂಟಂ ರಿಕ್ಷಾ. ದಾರಿಯುದ್ದಕ್ಕೂ ಹೊಲ ಬಣಬಣ. ಎದುರಿಂದ ಬರುವ ಗಾಡಿಗಳ ಮೇಲೆ ಹಾಸಿಗೆ ಸುರುಳಿ, ಕೊಡ, ಕೋಳಿ ಬುಟ್ಟಿ. ಊರಿನ ಕಡೆ ಹೋಗುತ್ತಿದ್ದದ್ದು ನಾವಿಬ್ಬರೇ.

ಕಾಶೀರಾಮರ ಮನೆಗೆ ಬೀಗ. ಫೆಬ್ರುವರಿಯಲ್ಲೇ ಗಂಡ ಹೆಂಡತಿ ಹೈದರಾಬಾದಿಗೆ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದಾರೆ. ಪಕ್ಕದ ಮನೆಯ ಶಾಲುಬಾಯಿ ನಮ್ಮನ್ನು ಒಳಗೆ ಕರೆದರು. ಎಪ್ಪತ್ತರ ಮೇಲಿನ ಮುದುಕಿ, ಗಟ್ಟಿಮುಟ್ಟು. ಖೋಲಿ ತುಂಬ ಟ್ರಂಕು. ಎಣಿಸಿದೆ, ಆರು. ಪ್ರತಿಯೊಂದರ ಚಿಲಕಕ್ಕೂ ಒಂದೊಂದು ಬಣ್ಣದ ಸೀರೆ ಚೂರು ಗಂಟು ಹಾಕಿದೆ. ಆರು ಮನೆಯವರು ಊರು ಬಿಟ್ಟಿದ್ದಾರೆ, ಆರು ಮನೆ ಈಕೆಯ ಒಂದು ಖೋಲಿಯಲ್ಲಿವೆ.

"ಸುಭದ್ರಾಂದು ಇದು, ಹಸಿರಂಚಿಂದು." ಕಾಶೀರಾಮರ ಹೆಂಡತಿ ಸುಭದ್ರಾಬಾಯಿ. "ಕ್ಯಾಸೆಟ್ಟೂ ಇದರಾಗೇ ಅದ. ಹೋಗು ಮುಂದ ನನ್ನ ಎದುರಿಗೇ ಎಣಿಸಿ ಇಟ್ಟಾಳ."

ಓ ಮೈ ಗಾಡ್! ಕುಣಿದುಬಿಟ್ಟೆ. "ಅಜ್ಜಿ, ಒಂದೇ ದಿನ ಕೊಡ್ರಿ! ನಾಳೆನೇ ವಾಪಸ್—"

"ಖೂನ ಎಲ್ಲಿ?"

ಅರ್ಥವಾಗಲಿಲ್ಲ. ಅತ್ತೆ ಹೇಳಿದರು. ಊರು ಬಿಡುವ ಹೆಂಗಸು ಉಟ್ಟ ಸೀರೆಯ ಅಂಚು ಹರಿದು ಎರಡು ಮಾಡುತ್ತಾಳೆ. ಒಂದು ಟ್ರಂಕಿಗೆ, ಒಂದು ಆಕೆಯ ಹತ್ತಿರ. ಆ ಇನ್ನೊಂದು ಚೂರು ತಂದವರಿಗೆ ಮಾತ್ರ ಟ್ರಂಕು ತೆರೆಯುವುದು. ಅದೇ ಗುರುತು.

"ಕೀಲಿ ನನ್ನ ಹತ್ರನೇ ಅದ ಮಗಳ" ಅಂದರು ಶಾಲುಬಾಯಿ. "ಕೀಲಿದು ಮಾತಲ್ಲ. ಇದು ಅಮಾನತ್ ಅದ, ನಂಬಿ ಇಟ್ಟಿದ್ದು."

"ಫೋನ್ ಹಚ್ಚಿ ಮಾತಾಡಿಸ್ತೇನಿ, ನಡೀತದೇನ್ರಿ?"

"ಫೋನಿನ್ಯಾಗ ಯಾರ್ ಬೇಕಾದ್ರೂ ಸುಭದ್ರಾ ಆಗ್ತಾರ."

ಬೇಡಿದೆ. ಇಂಗ್ಲಿಷಿನಲ್ಲೂ ಪ್ಲೀಸ್ ಅಂದೆ. ಮುದುಕಿ ನನಗೆ ಚಹಾ ಕೊಟ್ಟಳು, ಕೂರಲು ಕೌದಿ ಹಾಸಿದಳು. ಟ್ರಂಕು ಕೊಡಲಿಲ್ಲ. ಕೂತ ಮೇಲೆ ನೋಡಿದೆ — ಕೌದಿಯ ನಡುವೆ, ಕಪ್ಪು ಬಟ್ಟೆಯ ಮೇಲೆ ಬಿಳಿ ಚೂರು ಹಚ್ಚಿ ಹೊಲಿದ ಹೂ. ಅದೇ ಹೂ! ಎಂಟೆಸಳು.

"ಇದು ಎಲ್ಲಿಂದ್ರಿ?"

"ಸುಭದ್ರಾ ಹೊಲದಾಳ. ಟಿವಿ ಆಟದಾಗ ನೋಡಿ. ನಮ್ಮ ಓಣ್ಯಾಗ ಎಲ್ಲರ ಕೌದಿ ಮ್ಯಾಲೂ ಇದೇ ಈಗ."

ಬೆರಳಾಡಿಸಿದೆ. ಎಂಟನೇ ಎಸಳು ಮಾತ್ರ ಸ್ವಲ್ಪ ಮೊಂಡು. ಬಟ್ಟೆ ಸಾಲದೆ ಹೋಗಿರಬೇಕು.

ಹೊರಡುವಾಗ ಕಾಶೀರಾಮರ ಗುಂಪು ಕರೆದೊಯ್ದ ಮುಕದ್ದಮ, ಅಂದರೆ ಕೂಲಿ ಮೇಸ್ತ್ರಿಯ ನಂಬರ್ ಕೊಟ್ಟರು. ದತ್ತಾತ್ರಿ ಅಂತ.

18 ಏಪ್ರಿಲ್

ಹೇಳಿದೆ. ಚಹಾ ಕೊಟ್ಟು, ಎದುರು ನಿಂತು. ಅತ್ತೆ ಬೇಕೆಂದೇ ಅಂಗಳಕ್ಕೆ ಹೋದರು.

ಬೈಯಲಿಲ್ಲ. ಡಿಸ್ಕ್ ಹಾಕಿ ನೋಡಿದ. ಬೂದಿ ಪರದೆ ನೋಡಿದ. ಆಮೇಲೆ ಕೇಳಿದ, "ಯಾವತ್ತು ಆಗಿದ್ದು?"

"ಮಾರ್ಚ್ ಹತ್ತೊಂಬತ್ತು."

"ಒಂದು ತಿಂಗಳು. ದಿನಾ ನನ್ನ ಎದುರಿಗೆ ಕೂತು ಊಟ ಮಾಡಿದಿ."

ಚಹಾ ಕುಡಿಯದೆ ಅಂಗಡಿಗೆ ಹೋದ.

22 ಏಪ್ರಿಲ್

ಹೂಂ. ಉಹೂಂ. ಬೇಕು. ಸಾಕು. ನಾಲ್ಕು ದಿನದಲ್ಲಿ ಇಷ್ಟೇ ಮಾತು.

ಮದುವೆ ವಿಡಿಯೋ ಡಿಲೀಟ್ ಮಾಡಲು ಹೋದೆ. ಹಿಂದೆ ನಿಂತಿದ್ದನಂತೆ, ಗೊತ್ತಾಗಲಿಲ್ಲ. ಮೌಸಿನ ಮೇಲಿಂದ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟ. "ಇನ್ನೊಮ್ಮೆ ಏನರ ಅಳಿಸಿದ್ರ ನೋಡು" ಅಂದ. ಇಷ್ಟು ಉದ್ದದ ವಾಕ್ಯ!! ಅತ್ತುಬಿಟ್ಟೆ.

8 ಮೇ, ಭಾನುವಾರ

ಎಷ್ಟು ದಿನವಾಯಿತು ಬರೆದು. ಬರೆಯಲು ಪುರುಸೊತ್ತಿಲ್ಲ!

ಹನ್ನೊಂದು ಕ್ಯಾಸೆಟ್ ಮತ್ತೆ ಇಳಿಸಿದೆವು. ನಾನು ಒರೆಸುವುದು, ಅವನು ಸಿಕ್ಕಿಸುವುದು. ಪ್ರತಿಯೊಂದನ್ನೂ ಎರಡು ಸಲ ಓದಿಸಿ, ಎರಡೂ ಒಂದೇ ಇದೆಯಾ ಅಂತ ತಾಳೆ ನೋಡಿ, ಎರಡು ಡಿಸ್ಕಿನಲ್ಲಿ ಇಡುತ್ತೇವೆ. ಒಂದು ಅಂಗಡಿಯಲ್ಲಿ, ಒಂದು ಅತ್ತೆಯ ಸೀರೆ ಕಪಾಟಿನಲ್ಲಿ. ಪಂಢರಿಯೇ ಹೇಳಿದ, "ನಂದೂ ತಪ್ಪು ಅದ. ಕಾಪಿ ಇಡೋದು ಇವತ್ತು ನಾಳಿ ಅಂತ ಬಿಟ್ಟೆ. ಹೆಸರೂ ನೆಟ್ಟಗ ಇಡಲಿಲ್ಲ."

ಈಗ ಒಂದು ದೊಡ್ಡ ರಜಿಸ್ಟರ್ ಮಾಡಿದ್ದೇನೆ. ಕಾನ್ವೆಂಟ್ ಅಕ್ಷರ, ಕೆಂಪು ಗೆರೆ. ಆಟ ಯಾವುದು, ಯಾರು ಬದಲಿಸಿದರು, ಯಾರು ಕೊಟ್ಟರು, ಯಾವ ಊರು. ಕೊನೆಯ ಕಾಲಂ — ಈಗ ಎಲ್ಲಿ. ಕ್ಯಾಸೆಟ್ ಕೊಟ್ಟವರಿಗೆಲ್ಲ ಫೋನ್ ಮಾಡಿ ತುಂಬಿಸುತ್ತಿದ್ದೇನೆ. ಪುಣೆ. ಹೈದರಾಬಾದ. ಹೈದರಾಬಾದ. ಮುಂಬೈ ಕಡೆ, ಊರ ಹೆಸರು ಗೊತ್ತಿಲ್ಲ. ಪುಣೆ. ಶಿವರಾಜಪ್ಪ ಅನ್ನುವವರು ಮಾತ್ರ "ಇಲ್ಲೇ ಇದ್ದೇನಿ ತಾಯಿ, ಎಲ್ಲಿಗಿ ಹೋಗ್ಲಿ" ಅಂದರು. ಆ ಸಾಲಿನಲ್ಲಿ "ಇಲ್ಲೇ" ಅಂತ ಬರೆಯುವಾಗ ಸುಮ್ಮನೆ ಖುಷಿಯಾಯಿತು.

ಮುಕದ್ದಮ ದತ್ತಾತ್ರಿಗೆ ಪಂಢರಿಯೇ ಫೋನ್ ಹಚ್ಚುತ್ತಾನೆ. ಆ ಗುಂಪು ಬೇರೆ ಸೈಟಿಗೆ ಹೋಗಿದೆಯಂತೆ. ಹದಿನೈದು ದಿನಕ್ಕೊಮ್ಮೆ ಪಗಾರಕ್ಕೆ ಬರುತ್ತಾರಂತೆ, ಆಗ ಮಾತಾಡಿಸುತ್ತಾನಂತೆ. ಪಂಢರಿಗೆ ಅವಸರವಿಲ್ಲ. "ಮಳಿ ಬಂದ್ರ ಎಲ್ಲಾರೂ ಬರ್ತಾರ. ಟ್ರಂಕ್ ತಾನೇ ತೆರೀತದ."

20 ಮೇ, ಶುಕ್ರವಾರ

ಅವಸರ ಬಂತು. ಸಾಹೇಬರ ಫೋನು. ಜೂನ್ 3ಕ್ಕೆ ಬೀದರ ಬಿಡುತ್ತಿದ್ದಾರೆ. ಬಾವಿ ಬತ್ತಿದೆ, ಮೂರನೇ ಮಹಡಿಯವರೆಗೆ ನೀರು ಹೊರಲು ಇಬ್ಬರಿಗೂ ಆಗುವುದಿಲ್ಲ. ರಮಜಾನಿಗೆ ಮುಂಚೆ ಹೈದರಾಬಾದಿನ ಮಗಳ ಮನೆಗೆ. ಬೀದರದ ಮನೆ ಬಾಡಿಗೆಗೆ. ಟಿವಿಯನ್ನು ಯಾರಿಗೋ ಕೊಡುತ್ತಾರಂತೆ.

"ಬುಡ್ಢಿ ಕೇಳ್ಲತಾಳ, ಎಲ್ಲಿ ನಿನ್ನ ಹುಡುಗ ಅಂತ" ಅಂದರು. ಸ್ಪೀಕರ್ ಹಾಕಿತ್ತು. ಹಿಂದಿನಿಂದ ಮರಿಯಮಬೀ ದನಿ, "ಬ್ಯಾಡ ಬಿಡು, ಪಾಪ. ಇದ್ರ ತರ್ತಿದ್ದ."

ಅಂದರೆ ಈಗ ಪಂಢರಿಯೂ ಝೂಟಾ.

ಪಂಢರಿ ಫೋನ್ ಇಟ್ಟು ರಜಿಸ್ಟರ್ ತೆಗೆದ. ಹನ್ನೆರಡನೇ ಸಾಲು ಖಾಲಿ. ಅದರ ಮೇಲೆ ಬೆರಳಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

22 ಮೇ, ಭಾನುವಾರ

ಸಿಕ್ಕರು!! ಸುಭದ್ರಾಬಾಯಿ ಸಿಕ್ಕರು!! ಮುಕದ್ದಮನ ಫೋನಿನಿಂದ. ಹಿಂದೆ ಕಾಂಕ್ರೀಟ್ ಮಷೀನಿನ ಸದ್ದು, ಇಬ್ಬರೂ ಕೂಗಾಡಿದೆವು.

"ಕ್ಯಾಸೆಟ್ ಬೇಕಾ? ಒಯ್ರಿ ಒಯ್ರಿ! ಅದು ನಂದೇ ರಿ. ನಾನೇ ಆಡೋದು."

"ನೀವಾ?"

"ಗುಂಡು ಹೊಡಿಯಂಗಿಲ್ಲ ನಾ. ಹೂ ಒಡೀತಾವ. ಸುಮ್ಮ ತಿರುಗಾಡ್ತೇನಿ, ಆ ಶತ್ರು ಬಂದು ಹೊಡದು ಹಾಕೂತನಕ."

ನಗು ತಡೆಯಲಾಗಲಿಲ್ಲ. ಆಮೇಲೆ ಎಲ್ಲ ಹೇಳಿದೆ. ಹೂ ಬರೆದವರು ಬೀದರದಲ್ಲಿದ್ದಾರೆ, ಅವರೇ ನೋಡಿಲ್ಲ ಅಂತ.

"ಹೆಣ್ಮಗಳು ಬರದಿದ್ದೇನ್ರಿ ಅದು?" ಅಂದರು. "ನನಗ ಹಂಗೇ ಅನಸ್ತಿತ್ತು ನೋಡ್ರಿ."

ಸೀರೆ ಚೂರು ಹೈದರಾಬಾದ–ಔರಾದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಾರೆ. ಸೈಟಿನಿಂದ ಬಿಡುವು ಸಿಕ್ಕ ದಿನ.

27 ಮೇ, ಶುಕ್ರವಾರ. ಔರಾದ ಬಸ್ ಸ್ಟ್ಯಾಂಡ್, ಬೆಳಿಗ್ಗೆ 10.40

ಚೂರು ಬಂತು. ಗುಳಿಗೆಯ ಖಾಲಿ ಡಬ್ಬಿಯಲ್ಲಿ, ಮೇಲೆ ದಾರ ಸುತ್ತಿ. ಕಂಡಕ್ಟರ್ ಮುರ್ತುಜಾ ಅದನ್ನು ಟಿಕೆಟ್ ಚೀಲದಲ್ಲಿ ಹಾಕದೆ ಅಂಗಿಯ ಜೇಬಿನಲ್ಲಿ ತಂದಿದ್ದರು. "ಆ ಬಾಯಿ ಮೂರು ಸಲ ಹೇಳ್ಯಾಳ್ರಿ, ಕಳದ್ರ ಊರಿಗೇ ಬರಬ್ಯಾಡ ಅಂತ."

ಪಂಢರಿ ಟಂಟಂ ಕರೆಯಲು ಹೋಗಿದ್ದಾನೆ. ಡಬ್ಬಿ ನನ್ನ ಕೈಯಲ್ಲಿ. ಅವನೇ ಕೊಟ್ಟ. "ನೀನೇ ಹಿಡ್ಕೋ" ಅಂತ.

ಅದೇ ದಿನ, ಸಂಜೆ. ಭಾಲ್ಕಿ

ಶಾಲುಬಾಯಿ ಅವಸರ ಮಾಡಲಿಲ್ಲ. ಓಣಿಯಿಂದ ಇಬ್ಬರನ್ನು ಕರೆಸಿದರು. ಟ್ರಂಕಿನ ಚೂರು ಬಿಚ್ಚಿ, ನಮ್ಮದನ್ನು ಪಕ್ಕದಲ್ಲಿಟ್ಟು, ನೆಲದ ಮೇಲೆ ಜೋಡಿಸಿದರು. ಹಸಿರಂಚಿನ ಎಳೆಗೆ ಎಳೆ ಕೂಡಿತು. ಎಲ್ಲರೂ ಬಗ್ಗಿ ನೋಡಿದೆವು. ಪಂಢರಿ ಮೆಲ್ಲಗೆ, "ಇದೂ ತಾಳೆ ನೋಡೋದೇ" ಅಂದ. ಕ್ಯಾಸೆಟ್ ಎರಡು ಸಲ ಓದಿಸುತ್ತೇವಲ್ಲ, ಹಾಗೆ.

ಟ್ರಂಕಿನಲ್ಲಿ ಮೇಲೆಯೇ ಇತ್ತು. ರೇಷ್ಮೆ ಕುಪ್ಪಸದಲ್ಲಿ ಸುತ್ತಿ. ಏನು ತೆಗೆದೆ ಅಂತ ನಾನೇ ಗಟ್ಟಿಯಾಗಿ ಹೇಳಬೇಕಾಯಿತು, ಎಲ್ಲರೆದುರು. "ಒಂದು ಕ್ಯಾಸೆಟ್ ತಗೊಂಡೀನಿ. ಬ್ಯಾರೆ ಏನೂ ಮುಟ್ಟಿಲ್ಲ." ಶಾಲುಬಾಯಿ ಎರಡೂ ಚೂರು ಕೂಡಿಸಿ ಮತ್ತೆ ಗಂಟು ಹಾಕಿದರು.

"ನೀ ಹೋದ್ ಸಲ ಎಷ್ಟ್ ಅತ್ತಿದ್ದಿ" ಅಂದರು ನನಗೆ. "ಕೊಟ್ಟಿದ್ರ ಇವತ್ತು ಸುಭದ್ರಾನ ಮುಂದ ನಾ ಅಳತಿದ್ದೆ."

ಮನೆಗೆ ಬಂದು ರೀಡರಿಗೆ ಸಿಕ್ಕಿಸಿದೆವು. ಓದಲಿಲ್ಲ. ಮೂರು ಸಲ. ಪಂಢರಿ ಹೇಳಿದ, "ಇವತ್ತು ಬ್ಯಾಡ. ಭಾನುವಾರ ಸಾಹೇಬರ ಹತ್ರನೇ ಒಯ್ಯೋಣು."

29 ಮೇ, ಭಾನುವಾರ. ಬೀದರ. ಮಧ್ಯಾಹ್ನ 12.30

ಸಾಹೇಬರ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಸುತ್ತ ಕಟ್ಟಿಟ್ಟ ಗಂಟು. ಟಿವಿ ಇನ್ನೂ ಇದೆ, ದೇವರ ದಯೆ.

ಸಾಹೇಬರು ಕ್ಯಾಸೆಟ್ ಬಿಚ್ಚಿ ಒಳಗೆ ನೋಡಿದರು. ತಮ್ಮದೇ ಬೆಸುಗೆ. ಒಂದು ಕಾಲು ಬಿಟ್ಟಿದೆ, ಅಂದರು. ಕೈ ನಡುಗುತ್ತಿತ್ತು. ಪಂಢರಿಗೆ ಬೆಸುಗೆ ಹಾಕುವ ಕಾವಿ ಕೊಟ್ಟು, ಅವನ ಮೊಣಕೈ ಹಿಡಿದು, "ಇಲ್ಲಿ. ಜರಾ ಇತ್ಲಾಗ. ಬಸ್!" ಹೊಗೆ ಬಂತು.

ಓದಿತು! ಎರಡು ಸಲ. ತಾಳೆ ಆಯಿತು. ಮೊದಲು ಎರಡೂ ಡಿಸ್ಕಿಗೆ ಹಾಕಿಸಿದೆ — ನಾನು, ನಾನೇ! — ಆಮೇಲೆ ಪಂಢರಿ ಮಾಡಿದ ಡಬ್ಬಿಗೆ, ಡಬ್ಬಿಯಿಂದ ಟಿವಿಗೆ.

ಕಪ್ಪು ಪರದೆ. ಬೆಳ್ಳಿ ಹೂ. ಸಾಲು ಸಾಲು.

ಮರಿಯಮಬೀ ಏಳಲಿಲ್ಲ. ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿ ಹಾಕಿಕೊಂಡರು. ಎದ್ದರು. ಟಿವಿ ಹತ್ತಿರ ಹೋಗಿ ಒಂದು ಹೂವಿನ ಮೇಲೆ ಬೆರಳಿಟ್ಟರು. ಎಸಳೆಸಳು ಎಣಿಸಿದರು, ಬಾಯಲ್ಲಿ ಗುಣುಗುತ್ತಾ. ಎಂಟಕ್ಕೆ ಬಂದಾಗ ಬೆರಳು ನಿಂತಿತು.

"ಇದರಾಗ ಒಂದು ಚೌಕ ನುಂಗೀದಿ."

ಸಾಹೇಬರು ತಲೆ ತಗ್ಗಿಸಿದರು. "ಜಾಗ ಸಾಲಲಿಲ್ಲ. ಒಂದು ಸಾಲಿನ್ಯಾಗ ಎಂಟೇ ಚೌಕ ಹಿಡಿಸ್ತಾವ."

"ನಾ ಒಂಬತ್ತು ಕೊಟ್ಟಿದ್ದೆ!"

"ನೋಡಿದ್ರ ಬೈತಿ ಅಂತ ಗೊತ್ತಿತ್ತು. ಅದಕ್ಕೇ ಗಿರಾಕಿ ಬಂದ ಕೂಡ್ಲೇ..."

"ಅದಕ್ಕೇ ತೋರಿಸಲಿಲ್ಲ! ಹದಿನೆಂಟು ವರ್ಷ!" ಮರಿಯಮಬೀ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬೈಯುತ್ತಿದ್ದರು, ಕಣ್ಣಿಂದ ನೀರು ಹರಿಯುತ್ತಿತ್ತು, ಬೈಗುಳ ಮಾತ್ರ ನಿಲ್ಲಲಿಲ್ಲ. ನನಗೆ ಡಾಬಕಾದ ಕೌದಿ ನೆನಪಾಯಿತು. ಬಟ್ಟೆ ಸಾಲದೆ ಹೋಗಿರಲಿಲ್ಲ. ಸುಭದ್ರಾಬಾಯಿ ಕಂಡಿದ್ದನ್ನೇ ಹೊಲಿದಿದ್ದಳು. ಹೇಳಿದೆ. ಒಂದು ಓಣಿಯ ಕೌದಿಗಳ ಮೇಲೆಲ್ಲ ನಿಮ್ಮ ಹೂ ಇದೆ ಚಾಚಿ, ಮೊಂಡು ಎಸಳಿನ ಸಮೇತ.

"ತೋಬಾ!" ಅಂದರು. "ಆ ತಪ್ಪೂ ಊರ ತುಂಬ ಹಬ್ಬಿಸ್ಯಾನ!"

ಈಗ ಲ್ಯಾಪ್‌ಟಾಪಿನ ಎದುರು ಮೂವರೂ ಕೂತಿದ್ದಾರೆ. ಪಕ್ಕದ ಖಾಲಿ ಜಾಗದಿಂದ ಒಂದು ಚೌಕ ತೆಗೆದುಕೊಂಡರೆ ಎಂಟನೇ ಎಸಳಿಗೆ ಜಾಗ ಆಗುತ್ತದಂತೆ. ಮರಿಯಮಬೀ ಬೆರಳು ತೋರಿಸುತ್ತಾರೆ, ಪಂಢರಿ ಚೌಕ ತುಂಬುತ್ತಾನೆ, ಸಾಹೇಬರು ನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಾರೆ. ಆಯಿತು. ಹೂ ಪೂರ್ತಿಯಾಯಿತು!

"ಹಳೀದು ತೆಗದು ಬಿಡು" ಅಂದರು ಮರಿಯಮಬೀ.

"ಬ್ಯಾಡ್ರಿ!" ಎಷ್ಟು ಜೋರಾಗಿ ಕೂಗಿದೆನೋ, ಸಾಹೇಬರು ಬೆಚ್ಚಿದರು. ಪಂಢರಿ ತಿರುಗಿ ನನ್ನನ್ನು ನೋಡಿದ. ನಕ್ಕ. ಯುಗಾದಿಯ ಮೇಲೆ ಈ ನಗು ನೋಡಿರಲಿಲ್ಲ.

ಲ್ಯಾಪ್‌ಟಾಪ್ ನನ್ನ ಕಡೆ ತಳ್ಳುತ್ತಿದ್ದಾನೆ. ಹೊಸದಕ್ಕೆ ಹೆಸರು ನೀನೇ ಹಾಕು ಅಂತ. ಆಟದ ಹೆಸರು ಮೊದಲು, ಆಮೇಲೆ ಒಂದು ಜಾಗ ಬಿಟ್ಟು, ಬ್ರ್ಯಾಕೆಟ್ ತೆರೆದು, ಮೂರು. ಎರಡು ಇದ್ದಲ್ಲೇ ಇರಲಿ.